ಗಯ್ಯಾಳಿಯ ಗರ್ವಭಂಗ: 'ನಂಜುಂಡಿ ಕಲ್ಯಾಣ'ದ ರಂಗಮೂಲ ಮತ್ತು ಜಾನಪದ ನೆಲೆಗಳು

ಕನ್ನಡ ಚಲನಚಿತ್ರವು ರಂಗಭೂಮಿಯ ಹೆಗಲೇರಿ ಹುಟ್ಟಿದ ಕಲೆ. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದಿಂದ 1954ರ 'ಬೇಡರ ಕಣ್ಣಪ್ಪ'ದವರೆಗಿನ ಎರಡು ದಶಕಗಳಲ್ಲಿ ಕಥೆ, ನಟವರ್ಗ, ಸಂಗೀತ, ಮಾತಿನ ಧಾಟಿ ಇವೆಲ್ಲ ಬಹುಮಟ್ಟಿಗೆ ನಾಟಕ ಕಂಪನಿಗಳ ಕೊಡುಗೆಯೇ ಆಗಿದ್ದವು. ಈ ಸಂಬಂಧವನ್ನು ಕುರಿತ ಚರ್ಚೆಗಳು ಹೆಚ್ಚಾಗಿ ಪೌರಾಣಿಕ ಚಿತ್ರಗಳ ಸುತ್ತ ನಿಂತಿವೆ. ನಾಟಕದಿಂದ ಬಂದ ಪ್ರಣಯ ಹಾಸ್ಯಚಿತ್ರಗಳು ಕೇವಲ ಮನರಂಜನೆಯೆಂಬ ಕಾರಣಕ್ಕೆ ಗಂಭೀರ ಅಧ್ಯಯನದ ಅಂಚಿನಲ್ಲಿ ಉಳಿದಿವೆ. ಆದರೆ ಜನಸಾಮಾನ್ಯರು ಮತ್ತೆ ಮತ್ತೆ ನೋಡಿದ, ಅದರ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ ಪ್ರಕಾರ ಇದೇ ಆಗಿರುವುದರಿಂದ ಜಾನಪದ ವಿದ್ವಾಂಸರು ಅದನ್ನು ಬದಿಗಿಡುವಂತಿಲ್ಲ.

1989ರಲ್ಲಿ ತೆರೆಕಂಡ 'ನಂಜುಂಡಿ ಕಲ್ಯಾಣ' ಈ ಪ್ರಕಾರದ ಅತ್ಯಂತ ಜನಪ್ರಿಯ ಮಾದರಿ. ಎಂ.ಎಸ್. ರಾಜಶೇಖರ್ ನಿರ್ದೇಶನದ, ರಾಘವೇಂದ್ರ ರಾಜಕುಮಾರ್ ಹಾಗೂ ಮಾಲಾಶ್ರೀ ಅಭಿನಯದ ಈ ಚಿತ್ರಕ್ಕೆ ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕವು ಆಧಾರ. ಆ ನಾಟಕಕ್ಕೆ ಶೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ಆಧಾರ. ಶೇಕ್ಸ್‌ಪಿಯರನ ನಾಟಕಕ್ಕೆ ಯೂರೋಪಿನ ಬಾಯ್ದೆರೆಯ ಕಥೆಯೊಂದು ಆಧಾರ. ಹೀಗೆ ಜನಪದ ಕಥೆ, ಶಿಷ್ಟ ನಾಟಕ, ಹವ್ಯಾಸಿ ರಂಗದ ಪ್ರಹಸನ, ಚಲನಚಿತ್ರ ಎಂಬ ನಾಲ್ಕು ಮೆಟ್ಟಿಲುಗಳನ್ನು ಹತ್ತಿಳಿದ ಈ ಕಥೆ ಕನ್ನಡದ ನೆಲದಲ್ಲಿ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟುಕೊಟ್ಟಿತು, ಪ್ರೇಕ್ಷಕರನ್ನು ಯಾವ ಕಾರಣಕ್ಕೆ ನಗಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಥಾವರ್ಗದ ಹಿನ್ನೆಲೆ

ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ ವಿಸ್ತರಿಸಿ, 2004ರಲ್ಲಿ ಹಾನ್ಸ್-ಯೋರ್ಗ್ ಉತರ್ ಪರಿಷ್ಕರಿಸಿದ ಅಂತರರಾಷ್ಟ್ರೀಯ ಕಥಾವರ್ಗ ಸೂಚಿಯಲ್ಲಿ ಈ ಕಥೆಗೆ 901 ಎಂಬ ಸಂಖ್ಯೆಯಿದೆ. ಥಾಮ್ಸನ್ನನ ಆಶಯ ಸೂಚಿಯಲ್ಲಿ ಗಯ್ಯಾಳಿಯನ್ನು ಪಳಗಿಸುವ ಆಶಯವು ಟಿ 251.2 ಎಂದು ದಾಖಲಾಗಿದೆ. ಕಥೆಯ ಮೂಲ ಹಂದರ ಸರಳವಾದುದು. ಜಗಳಗಂಟಿಯೆಂದು ಹೆಸರಾದ ಹೆಣ್ಣನ್ನು ಒಬ್ಬಾತ ಮದುವೆಯಾಗುತ್ತಾನೆ. ಮದುವೆಯ ದಿನವೇ ಅಥವಾ ಮನೆಗೆ ಹೋಗುವ ದಾರಿಯಲ್ಲಿಯೇ ಮಾತು ಕೇಳದ ನಾಯಿಯನ್ನೋ ಕುದುರೆಯನ್ನೋ ಅವಳ ಕಣ್ಣೆದುರು ಕೊಲ್ಲುತ್ತಾನೆ. ಹೆದರಿದ ಹೆಂಡತಿ ವಿಧೇಯಳಾಗುತ್ತಾಳೆ. ಅನೇಕ ಪಾಠಗಳಲ್ಲಿ ಕೊನೆಗೆ ಗಂಡಂದಿರ ನಡುವೆ ಪಂದ್ಯ ನಡೆದು ಅವಳ ವಿಧೇಯತೆ ಎಲ್ಲರೆದುರು ಸಾಬೀತಾಗುತ್ತದೆ. ಹದಿನಾಲ್ಕನೆಯ ಶತಮಾನದ ಸ್ಪೇನಿನಲ್ಲಿ ಡಾನ್ ಹ್ವಾನ್ ಮಾನ್ವೆಲ್ ಬರೆದ 'ಎಲ್ ಕೋಂಡೆ ಲುಕನೋರ್' ಸಂಕಲನದಲ್ಲಿ ಇದರ ಒಂದು ಲಿಖಿತ ರೂಪ ದೊರೆಯುತ್ತದೆ. ಅಮೆರಿಕದ ಜಾನಪದ ವಿದ್ವಾಂಸ ಜಾನ್ ಹೆರಾಲ್ಡ್ ಬ್ರುನ್‌ವಾಂಡ್ 1960ರ ದಶಕದಲ್ಲಿ ಈ ವರ್ಗದ ನೂರಾರು ಪಾಠಗಳನ್ನು ಹೋಲಿಸಿ, ಶೇಕ್ಸ್‌ಪಿಯರನ ನಾಟಕದ ಕೇಂದ್ರ ಕಥೆಗೆ ಮೌಖಿಕ ಪರಂಪರೆಯೇ ಮೂಲವೆಂದು ವಾದಿಸಿದ್ದಾರೆ.

ಶೇಕ್ಸ್‌ಪಿಯರ್ ಈ ಕಥೆಗೆ ಎರಡು ಮುಖ್ಯ ಸೇರ್ಪಡೆಗಳನ್ನು ಮಾಡಿದ. ಒಂದು, ಅಕ್ಕನ ಮದುವೆಯಾಗದೆ ತಂಗಿಯ ಮದುವೆಯಿಲ್ಲ ಎಂಬ ತಂದೆಯ ಕಟ್ಟಳೆ. ಇನ್ನೊಂದು, ಕುಡುಕನೊಬ್ಬನನ್ನು ಶ್ರೀಮಂತನೆಂದು ನಂಬಿಸಿ ಅವನೆದುರು ಇಡೀ ಕಥೆಯನ್ನು ನಾಟಕವಾಗಿ ಆಡಿಸುವ ಚೌಕಟ್ಟು. ಈ ಚೌಕಟ್ಟಿನಿಂದಾಗಿ ಗರ್ವಭಂಗದ ಕಥೆ ಒಬ್ಬ ಕುಡುಕನ ಮನರಂಜನೆಗಾಗಿ ಆಡಿದ ಆಟವಾಗಿಯೂ ಕಾಣುತ್ತದೆ. ನಾಟಕಕಾರನಿಗೆ ತನ್ನ ಕಥೆಯಿಂದ ತುಸು ದೂರ ನಿಲ್ಲುವ ಅವಕಾಶ ಸಿಗುತ್ತದೆ. ಕನ್ನಡದ ತೆರೆಗೆ ಬರುವಾಗ ಈ ಚೌಕಟ್ಟು ಕಳಚಿಬಿದ್ದಿದೆ. ಪಳಗಿಸುವ ಕಥೆ ಆಟದೊಳಗಿನ ಆಟವಾಗಿ ಉಳಿಯದೆ ನೇರವಾಗಿ ಸಂಸಾರದ ಕಥೆಯಾಗಿದೆ. ಅಕ್ಕ-ತಂಗಿಯರ ಕಟ್ಟಳೆಯನ್ನಾದರೋ ಕನ್ನಡದ ಪ್ರೇಕ್ಷಕನಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ; ಅದು ಅವನ ಮನೆಯ ನಿತ್ಯದ ರೂಢಿ.

2. ಕನ್ನಡದ ನೆಲದಲ್ಲಿ ಚಂಡಿ, ಪ್ರಮೀಳೆ, ಸದಾರಮೆ

ಈ ಕಥೆಯನ್ನು ಕನ್ನಡವು ಇಂಗ್ಲಿಷಿನಿಂದ ಪೂರ್ತಿಯಾಗಿ ಎರವಲು ಪಡೆಯಿತು ಎನ್ನುವುದು ಸರಿಯಲ್ಲ. ಬಿತ್ತನೆಗೆ ನೆಲ ಮೊದಲೇ ಹದವಾಗಿತ್ತು. ಜೈಮಿನಿ ಭಾರತದ ಉದ್ದಾಲಕ ಮತ್ತು ಚಂಡಿಯರ ಪ್ರಸಂಗ ಇದಕ್ಕೆ ಮುಖ್ಯ ನಿದರ್ಶನ. ಗಂಡ ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವವಳು ಚಂಡಿ. ಬೇಸತ್ತ ಉದ್ದಾಲಕನು ತನಗೆ ಬೇಕಾದುದರ ವಿರುದ್ಧವನ್ನೇ ಹೇಳಿ ಕೆಲಸ ಸಾಧಿಸುವ ಉಪಾಯವನ್ನು ಕಲಿಯುತ್ತಾನೆ. ಪಿತೃಕಾರ್ಯದ ದಿನ ಎಲ್ಲವೂ ಸುಸೂತ್ರವಾಗಿ ನಡೆದು, ಕೊನೆಗೆ ಮೈಮರೆತು ಪಿಂಡದ ವಿಸರ್ಜನೆಯ ವಿಷಯದಲ್ಲಿ ನೇರವಾಗಿ ಮಾತಾಡಿಬಿಡುತ್ತಾನೆ. ಅವಳು ವಿರುದ್ಧವಾಗಿ ನಡೆದುಕೊಳ್ಳುತ್ತಾಳೆ, ಶಾಪಗ್ರಸ್ತಳಾಗಿ ಕಲ್ಲಾಗುತ್ತಾಳೆ. ಮುಂದೆ ಅಶ್ವಮೇಧದ ಕುದುರೆ ಆ ಬಂಡೆಗೆ ಅಂಟಿಕೊಂಡಾಗ ಅರ್ಜುನನ ಸ್ಪರ್ಶದಿಂದ ಅವಳಿಗೆ ವಿಮೋಚನೆ. ಲಕ್ಷ್ಮೀಶನ ಕಾವ್ಯ, ಗಮಕ ವಾಚನ ಹಾಗೂ ಯಕ್ಷಗಾನಗಳ ಮೂಲಕ ಈ ಕಥೆ ಕರ್ನಾಟಕದ ಉದ್ದಗಲಕ್ಕೂ ಹರಡಿದೆ. ಹಟ ಹಿಡಿಯುವುದಕ್ಕೆ 'ಚಂಡಿ ಹಿಡಿಯುವುದು' ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಅದೇ ಕಾವ್ಯದಲ್ಲಿ ಸ್ತ್ರೀರಾಜ್ಯದ ಒಡತಿ ಪ್ರಮೀಳೆಯು ಅರ್ಜುನನ ಕುದುರೆಯನ್ನು ಕಟ್ಟಿ ಹಾಕಿ ಕೊನೆಗೆ ಅವನನ್ನು ವರಿಸುವ ಪ್ರಸಂಗವೂ ಇದೆ. ಎಂ.ಎಲ್. ಶ್ರೀಕಂಠೇಶಗೌಡರು ಶೇಕ್ಸ್‌ಪಿಯರನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕವನ್ನು ಕನ್ನಡಕ್ಕೆ ಒಗ್ಗಿಸುವಾಗ 'ಪ್ರಮೀಳಾರ್ಜುನೀಯ' ಎಂದು ಹೆಸರಿಟ್ಟು ಈ ಪುರಾಣವನ್ನೇ ಆಶ್ರಯಿಸಿದರು. ಹೊರಗಿನಿಂದ ಬಂದ ಪ್ರಣಯ ಹಾಸ್ಯಕ್ಕೆ ಒಳಗಿನ ಪುರಾಣದ ಉಡುಗೆ ತೊಡಿಸುವ ಕ್ರಮ ಹೀಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಗಿತ್ತು.

ಇದೇ ರಂಗಭೂಮಿಯಲ್ಲಿ ಇದಕ್ಕೆ ತೀರ ಭಿನ್ನವಾದ ಇನ್ನೊಂದು ಧಾರೆಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ಅದು 'ಸದಾರಮೆ'. ಗಂಡನಿಂದ ಅಗಲಿದ ಸದಾರಮೆ ತನ್ನನ್ನು ಬಯಸಿದ ಅರಸನಿಂದ ತಪ್ಪಿಸಿಕೊಂಡು, ಕಳ್ಳನನ್ನು ಜಾಣ್ಮೆಯಿಂದ ಮೋಸಗೊಳಿಸಿ, ಗಂಡುವೇಷ ಧರಿಸಿ ಬಾಳಿ ಕೊನೆಗೆ ಗಂಡನನ್ನು ಸೇರುತ್ತಾಳೆ. ಹೆಣ್ಣು ಗಂಡುವೇಷ ಧರಿಸುವ ಈ ಆಶಯಕ್ಕೆ ಥಾಮ್ಸನ್ ಸೂಚಿಯಲ್ಲಿ ಕೆ 1837 ಎಂಬ ಸಂಖ್ಯೆಯಿದೆ. ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರದಿಂದ ಮನೆಮಾತಾದ ಈ ನಾಟಕದ ಕಥೆ 1935ರಲ್ಲಿಯೇ ಚಲನಚಿತ್ರವಾಯಿತು. ಇಲ್ಲಿ ನಗೆಯನ್ನು ಹುಟ್ಟಿಸುವವಳು ನಾಯಕಿ, ನಗೆಗೀಡಾಗುವವನು ಕಳ್ಳ. ಗರ್ವಭಂಗದ ಕಥೆಯಲ್ಲಿ ಈ ಸಂಬಂಧ ತಲೆಕೆಳಗಾಗುತ್ತದೆ. ಆದ್ದರಿಂದ ಕನ್ನಡದ ಪ್ರಣಯ ಹಾಸ್ಯಕ್ಕೆ ಒಂದೇ ತಾಯಿಬೇರು ಇತ್ತೆಂದು ಭಾವಿಸಲಾಗದು. ಎರಡು ಬೇರುಗಳಿದ್ದವು, ಶತಮಾನದ ಉತ್ತರಾರ್ಧದಲ್ಲಿ ಸಿನಿಮಾ ಅವುಗಳಲ್ಲಿ ಒಂದಕ್ಕೆ ಹೆಚ್ಚು ನೀರೆರೆಯಿತು.

3. ರಂಗದಿಂದ ತೆರೆಗೆ

'ನಂಜುಂಡಿ ಕಲ್ಯಾಣ'ಕ್ಕೆ ಹದಿನೈದು ವರ್ಷ ಮೊದಲೇ ಈ ದಾರಿಯನ್ನು ತೆರೆದದ್ದು 1974ರ 'ಸಂಪತ್ತಿಗೆ ಸವಾಲ್'. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯ ಪ್ರಸಿದ್ಧ ನಾಟಕಕಾರ ಪಿ.ಬಿ. ಧುತ್ತರಗಿಯವರ ಅದೇ ಹೆಸರಿನ ನಾಟಕವನ್ನು ಎ.ವಿ. ಶೇಷಗಿರಿರಾವ್ ತೆರೆಗೆ ತಂದರು. ಸಾಹುಕಾರನ ಮಗಳು ದುರ್ಗೆಯಾಗಿ ಮಂಜುಳಾ, ಹಳ್ಳಿಯ ಯುವಕ ಭದ್ರನಾಗಿ ರಾಜಕುಮಾರ್ ಅಭಿನಯಿಸಿದರು. ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಎಮ್ಮೆಯ ಮೇಲೆ ಕುಳಿತು ಭದ್ರ ಹಾಡುವ ಹಾಡನ್ನು ರಾಜಕುಮಾರ್ ಅವರೇ ಹಾಡಿದರು. ಗಾಯಕರಾಗಿ ಅವರ ಮುಂದಿನ ದೀರ್ಘ ಪಯಣಕ್ಕೆ ಅದು ಪೀಠಿಕೆಯಾಯಿತು. 1976ರಲ್ಲಿ ಇದೇ ನಿರ್ದೇಶಕರ 'ಬಹದ್ದೂರ್ ಗಂಡು' ಬಂತು. ಅಲ್ಲಿ ರಾಜಕುಮಾರಿಯ ಗರ್ವವನ್ನು ಸಾಮಾನ್ಯನೊಬ್ಬ ಇಳಿಸುತ್ತಾನೆ. ಪರ್ವತವಾಣಿಯವರ ನಾಟಕದ ಹೆಸರು 'ಬಹದ್ದೂರ್ ಗಂಡ' ಆಗಿರುವುದರಿಂದ ಎರಡನ್ನೂ ಒಂದೆಂದು ಭ್ರಮಿಸುವ ಸಾಧ್ಯತೆಯಿದೆ. ಒಂದು ಕೊಂಬಿನ ವ್ಯತ್ಯಾಸ ಇಲ್ಲಿ ದೊಡ್ಡ ವ್ಯತ್ಯಾಸ. ನಾಟಕದ ಶೀರ್ಷಿಕೆಯಲ್ಲಿರುವವನು ಗಂಡ, ಅಂದರೆ ಪತಿ. ಚಿತ್ರದ ಶೀರ್ಷಿಕೆಯಲ್ಲಿರುವವನು ಗಂಡು, ಅಂದರೆ ಪುರುಷ. ಪ್ರಹಸನಕ್ಕೆ ಬೇಕಾದದ್ದು ಸಂಸಾರದ ಒಳಮನೆ, ಚಿತ್ರಕ್ಕೆ ಬೇಕಾದದ್ದು ಸಾಹಸದ ಬಯಲು.

ಈ ಎರಡು ರಂಗಮೂಲಗಳ ಸ್ವಭಾವವೂ ಭಿನ್ನ. ಧುತ್ತರಗಿಯವರ ನಾಟಕ ಕಂಪನಿಯ ಡೇರೆಗಾಗಿ, ಟಿಕೆಟ್ಟು ಕೊಂಡು ಬರುವ ರೈತ ಹಾಗೂ ಕಾರ್ಮಿಕ ಪ್ರೇಕ್ಷಕರಿಗಾಗಿ ಹುಟ್ಟಿದ್ದು. ಅಲ್ಲಿ ಕಣ್ಣೀರು, ಸವಾಲು, ಹಾಸ್ಯಗಾರರ ಪ್ರಸಂಗ, ಚಪ್ಪಾಳೆ ಗಿಟ್ಟಿಸುವ ಮಾತುಗಳು ಒಂದೇ ಇರುಳಿನಲ್ಲಿ ಬೆರೆಯಬೇಕು. ಪರ್ವತವಾಣಿಯವರ ನಾಟಕ ಹವ್ಯಾಸಿ ತಂಡಗಳ ನಡುಮನೆಯ ಹಾಸ್ಯದ ಪರಂಪರೆಗೆ ಸೇರಿದ್ದು. ಅಲ್ಲಿ ಮಾತಿನ ಚುರುಕೇ ಬಂಡವಾಳ. ಎರಡೂ ಚಿತ್ರಗಳಿಗೆ ಸಂಭಾಷಣೆ ಬರೆದವರು ಚಿ. ಉದಯಶಂಕರ್. ಅವರ ಲೇಖನಿಯಲ್ಲಿ ಡೇರೆಯ ಸವಾಲು ಮತ್ತು ನಡುಮನೆಯ ಚುರುಕು ಒಂದಾದವು. 'ನಂಜುಂಡಿ ಕಲ್ಯಾಣ'ವು ನಗರದ ಕುಟುಂಬಕ್ಕೂ ಹಳ್ಳಿಯ ಜಾತ್ರೆಯ ಪ್ರೇಕ್ಷಕನಿಗೂ ಒಟ್ಟಿಗೆ ಒಪ್ಪಿಗೆಯಾದುದರ ಗುಟ್ಟು ಬಹುಶಃ ಇಲ್ಲಿಯೇ ಇದೆ.

ಮಾಧ್ಯಮ ಬದಲಾದಾಗ ಕಥೆಯ ಭಾರವೂ ಸ್ಥಾನ ಬದಲಿಸಿತು. ರಂಗದ ಮೇಲೆ ಗಯ್ಯಾಳಿತನ ಮುಖ್ಯವಾಗಿ ಮಾತಿನಲ್ಲಿರುತ್ತದೆ. ನಟಿ ಎಷ್ಟು ಬಿರುಸಾಗಿ ಮಾತಾಡುತ್ತಾಳೋ ಅಷ್ಟು ಸಭೆ ಅವಳ ವಶದಲ್ಲಿರುತ್ತದೆ. ಅವಳು ಸೋಲುವುದೂ ಮಾತಿನಲ್ಲಿಯೇ. ತೆರೆಯ ಮೇಲಾದರೆ ಕ್ಯಾಮರಾ ಅವಳ ಉಡುಗೆ, ನಡಿಗೆ, ವಾಹನ, ಕೈಯ ಕೆಲಸ ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಹೀಗಾಗಿ ಬದಲಾವಣೆಯ ಗುರುತುಗಳು ಕಣ್ಣಿಗೆ ಕಾಣುವ ವಸ್ತುಗಳಾಗುತ್ತವೆ: ಪ್ಯಾಂಟಿನಿಂದ ಸೀರೆಗೆ, ಕಾರಿನಿಂದ ಒಲೆಯ ಮುಂದಕ್ಕೆ. ಬಾಯ್ದೆರೆಯ ಕಥೆಯಲ್ಲಿ ಕುದುರೆಯ ಸಾವು ಮಾಡಿದ ಕೆಲಸವನ್ನು ಕನ್ನಡ ಚಿತ್ರಪರಂಪರೆಯಲ್ಲಿ ಮನೆಗೆಲಸ ಮಾಡುತ್ತದೆ. ಹೆದರಿಕೆಯ ಜಾಗಕ್ಕೆ ದಣಿವು ಬಂದಿದೆ. ಇದು ಮೃದುವಾದ ಮಾರ್ಗವೆಂದು ತೋರಬಹುದು. ಆದರೆ ಮನೆಗೆಲಸವನ್ನು ದಂಡನೆಯೆಂದು ತೋರಿಸಿ, ಕೊನೆಗೆ ಅದನ್ನೇ ಹೆಣ್ಣಿನ ಸಾರ್ಥಕ್ಯವೆಂದು ಹೊಗಳುವ ವಿರೋಧಾಭಾಸ ಅದರೊಳಗೆ ಅಡಗಿದೆ.

4. ಸಿರಿಯ ಗರ್ವ, ಹೆಣ್ಣಿನ ತಲೆ

ಕನ್ನಡ ರೂಪಾಂತರಗಳ ಅತಿ ಮುಖ್ಯ ಬದಲಾವಣೆ ಇನ್ನೊಂದಿದೆ. ಯೂರೋಪಿನ ಪಾಠಗಳಲ್ಲಿ ಪ್ರಶ್ನೆ ಮೂಲತಃ ಗಂಡ-ಹೆಂಡಿರದು: ಮನೆಯಲ್ಲಿ ಯಾರ ಮಾತು ನಡೆಯಬೇಕು? ಕನ್ನಡದಲ್ಲಿ ಅದು ಬಡವ-ಬಲ್ಲಿದರ ಪ್ರಶ್ನೆಯಾಗುತ್ತದೆ. 'ಸಂಪತ್ತಿಗೆ ಸವಾಲ್' ಎಂಬ ಶೀರ್ಷಿಕೆಯೇ ಇದನ್ನು ಸಾರುತ್ತದೆ. ಅಲ್ಲಿ ಸವಾಲು ಹೆಣ್ಣಿಗಲ್ಲ, ಸಂಪತ್ತಿಗೆ. ನಾಯಕಿಯ ಬಿರುಸು ಅವಳ ಹುಟ್ಟುಗುಣವಾಗಿರದೆ ತಂದೆಯ ಹಣದ ಮದವಾಗಿ ಚಿತ್ರಿತವಾಗಿರುವುದರಿಂದ, ಅವಳ ಸೋಲಿಗೆ ನಗುವ ಬಡ ಪ್ರೇಕ್ಷಕ ಹೆಣ್ಣಿನ ಸೋಲಿಗೆ ನಗುತ್ತಿದ್ದೇನೆಂದು ಭಾವಿಸುವುದಿಲ್ಲ. ಸಾಹುಕಾರಿಕೆಯ ಸೋಲಿಗೆ ನಗುತ್ತಿದ್ದೇನೆಂದೇ ಭಾವಿಸುತ್ತಾನೆ. ಅವನ ನಗೆಯಲ್ಲಿ ನ್ಯಾಯವಿದೆ. ಭೂಮಾಲೀಕನ ಅಂಗಳದಲ್ಲಿ ತಲೆತಗ್ಗಿಸಿ ನಿಂತ ತಲೆಮಾರುಗಳ ನೆನಪಿದೆ. ಆದರೆ ಆ ನ್ಯಾಯದ ಬೆಲೆಯನ್ನು ತೆರುವವಳು ಮಗಳು. ತಂದೆ ಮಾಡಿದ ಸಾಲವನ್ನು ಮಗಳ ತಲೆಯ ಮೇಲೆ ವಸೂಲು ಮಾಡುವ ಈ ಏರ್ಪಾಡು ಕಥೆಯ ಜನಪ್ರಿಯತೆಗೂ ಕಾರಣ, ಅದರ ಒಳಗಿನ ಕಹಿಗೂ ಕಾರಣ.

ಭಾಷೆಯ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಗಯ್ಯಾಳಿ, ಬಜಾರಿ, ಗಂಡುಬೀರಿ, ಘಟವಾಣಿ, ಜಗಳಗಂಟಿ ಎಂದು ಜೋರು ಮಾತಿನ ಹೆಣ್ಣಿಗೆ ಕನ್ನಡದಲ್ಲಿ ಪದಗಳ ಸಾಲೇ ಇದೆ. ಅದೇ ಜೋರು ಗಂಡಿನಲ್ಲಿದ್ದರೆ ಅದಕ್ಕೆ ಗಂಡೆದೆ ಎಂದು ಹೆಸರು. ಹೆಣ್ಣಿಗೆ ಹಟವಿರಬಾರದು, ಗಂಡಿಗೆ ಚಟವಿರಬಾರದು ಎಂಬ ಗಾದೆ ಇಬ್ಬರಿಗೂ ಒಂದೊಂದು ಅಂಕುಶವನ್ನು ಇಟ್ಟಿದೆ. ಗರ್ವಭಂಗದ ಚಿತ್ರಗಳು ಈ ಗಾದೆಯ ಮೊದಲರ್ಧವನ್ನು ಮಾತ್ರ ಕಥೆಯಾಗಿಸಿದವು.

5. ಪ್ರೇಕ್ಷಕ ನೆಲೆ: ಆನೇಕಲ್ ಸೀಮೆ

ಇಂಥ ಕಥೆ ಯಾರ ನಡುವೆ ನಗೆಯಾಗುತ್ತದೆ ಎಂಬುದನ್ನು ತಿಳಿಯಲು ಬೆಂಗಳೂರಿನ ಹೊರವಲಯದ ಆನೇಕಲ್ ಸೀಮೆ ಒಳ್ಳೆಯ ನೆಲೆ. ಹೊಸೂರಿನ ಗಡಿಗೆ ಅಂಟಿಕೊಂಡ ಈ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು ಮನೆಮಾತುಗಳೂ ಇವೆ. ಹೀಗಾಗಿ ಇಲ್ಲಿನ ಪ್ರೇಕ್ಷಕರಿಗೆ ಗರ್ವಭಂಗದ ಕಥೆ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ದೊರೆಯುವಂತಿತ್ತು. 1958ರಲ್ಲಿ ಬಿ. ವಿಠಲಾಚಾರ್ಯರು ನಿರ್ದೇಶಿಸಿದ ಕನ್ನಡದ 'ಮನೆ ತುಂಬಿದ ಹೆಣ್ಣು' 1962ರಲ್ಲಿ ತೆಲುಗಿನ 'ಗುಂಡಮ್ಮ ಕಥ'ಕ್ಕೆ ಆಧಾರವಾಯಿತು. ಗರ್ವದ ಮಗಳನ್ನು ಬಡವನ ವೇಷದ ಅಳಿಯ ದಾರಿಗೆ ತರುವ ಶೇಕ್ಸ್‌ಪಿಯರನ ಎಳೆಯೂ ಅದರಲ್ಲಿ ಸೇರಿತು. ಮುಂದೆ 'ನಂಜುಂಡಿ ಕಲ್ಯಾಣ'ವೂ ತೆಲುಗಿಗೆ ಹೋಯಿತು. ಗಡಿಸೀಮೆಯಲ್ಲಿ ಕಥೆಗಳಿಗೆ ಸುಂಕದ ಕಟ್ಟೆಯಿಲ್ಲ ಎಂಬ ಜಾನಪದದ ಹಳೆಯ ಸತ್ಯವನ್ನು ಸಿನಿಮಾ ಮತ್ತೊಮ್ಮೆ ಸ್ಥಾಪಿಸಿದೆ.

ಬೆಂಗಳೂರಿನ ಸುತ್ತಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ಸಂದರ್ಭದಲ್ಲಿ ಊರಿನವರೇ ಬಣ್ಣ ಹಚ್ಚಿ ನಾಟಕ ಆಡುವ ರೂಢಿಯಿದೆ. 'ಕುರುಕ್ಷೇತ್ರ'ದಂಥ ಪೌರಾಣಿಕಗಳಿಗೆ ಅಗ್ರಸ್ಥಾನವಿದ್ದರೂ ಸಾಮಾಜಿಕ ನಾಟಕಗಳಿಗೂ ಜಾಗವುಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಗಂಡು ಪಾತ್ರಗಳನ್ನು ಊರಿನವರು ಹಂಚಿಕೊಳ್ಳುತ್ತಾರೆ. ಸ್ತ್ರೀಪಾತ್ರಕ್ಕೆ ಮಾತ್ರ ಸಂಭಾವನೆ ಕೊಟ್ಟು ಹೊರಗಿನಿಂದ ನಟಿಯರನ್ನು ಕರೆಸುವುದು ವಾಡಿಕೆ. ಅಂದರೆ ರಂಗದ ಮೇಲೆ ಜೋರು ಮಾಡಿ ಸೋಲುವ ಹೆಣ್ಣು ಊರ ಹೆಣ್ಣಲ್ಲ. ದುಡಿಮೆಗಾಗಿ ಬಂದ ಕಲಾವಿದೆ. ಊರಿನ ಹೆಂಗಸರು ಸಭೆಯಲ್ಲಿ ಕುಳಿತು ನೋಡುವವರು. ರಂಗದ ಮೇಲಿನ ಗಯ್ಯಾಳಿಗೂ ಸಭೆಯ ಹೆಣ್ಣಿಗೂ ನಡುವೆ ಇರುವ ಈ ಅಂತರವೇ ಇಬ್ಬರನ್ನೂ ನಗುವಂತೆ ಮಾಡುತ್ತದೆ.

ಇದೇ ನೆಲದಲ್ಲಿ ಇನ್ನೊಂದು ಸತ್ಯವೂ ಇದೆ. ಆನೇಕಲ್ಲಿನಲ್ಲಿ ಧರ್ಮರಾಯಸ್ವಾಮಿ ದೇವಾಲಯದ ಕರಗ ನಡೆಯುತ್ತದೆ. ಸ್ತ್ರೀವೇಷ ಧರಿಸಿದ ಅರ್ಚಕರು ದ್ರೌಪದಿಯ ಶಕ್ತಿಯನ್ನು ತಲೆಯ ಮೇಲೆ ಹೊರುತ್ತಾರೆ. ತಾಲ್ಲೂಕಿನ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳು ಮುಗಿಲೆತ್ತರದ ತೇರುಗಳನ್ನು ಕಟ್ಟಿ ಎಳೆದು ತರುತ್ತವೆ. ಎ.ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ನೆಲೆಗಳನ್ನು ಕುರಿತ ಪ್ರಬಂಧದಲ್ಲಿ ಪತಿಯ ಜೊತೆಗೆ ಶಾಂತಳಾಗಿ ಕುಳಿತ ದೇವಿಗೂ, ಯಾರಿಗೂ ಅಧೀನಳಾಗದ ಊರಮ್ಮನಿಗೂ ಇರುವ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಪಳಗದ ಅಮ್ಮನಿಗೆ ಕೈಮುಗಿಯುವ ಸಮುದಾಯವೇ ಪಳಗಿದ ಹೆಂಡತಿಯನ್ನು ಕಂಡು ನಗುತ್ತದೆ. ಇದನ್ನು ಬೂಟಾಟಿಕೆ ಎನ್ನಲಾಗದು. ಹೆಣ್ಣಿನ ಉಗ್ರತೆಗೆ ಗುಡಿಯಲ್ಲಿ ಸ್ಥಾನವಿದೆ, ಮನೆಯಲ್ಲಿ ಇಲ್ಲ ಎಂಬ ಹಂಚಿಕೆ ಅದು. ಗರ್ವಭಂಗದ ಹಾಸ್ಯ ಕಾವಲು ಕಾಯುವುದು ಈ ಹಂಚಿಕೆಯ ಗಡಿಯನ್ನೇ.

ಆ ಗಡಿ ಈಗ ಮೊದಲಿನಂತಿಲ್ಲ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳೂ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯೂ ಬೆಳೆದಂತೆ ಈ ಸೀಮೆಯ ಹೆಣ್ಣುಮಕ್ಕಳು ಸಂಬಳ ತರುವವರಾದರು. ಪಾಳಿಯ ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆಗೆ ಮರಳುವ ಹೆಣ್ಣಿಗೆ ಹಟ ಎನ್ನುವುದು ತೌರಿನ ಸಿರಿಯ ಮದವಲ್ಲ, ಬದುಕಿನ ಅಗತ್ಯ. ಅವಳ ಗಳಿಕೆ ಮನೆಗೆ ಬೇಕು, ಅವಳ ಮಾತು ಬೇಡ ಎಂಬ ಲೆಕ್ಕ ಬಹುಕಾಲ ನಿಲ್ಲುವಂಥದಲ್ಲ.

6. ಪ್ರತಿಕಥನಗಳು

ಕುತೂಹಲದ ಸಂಗತಿಯೆಂದರೆ 'ನಂಜುಂಡಿ ಕಲ್ಯಾಣ' ಬರುವುದಕ್ಕೆ ಒಂದು ವರ್ಷ ಮೊದಲು, 1988ರಲ್ಲಿ, ಗಿರೀಶ ಕಾರ್ನಾಡರ 'ನಾಗಮಂಡಲ' ಪ್ರಕಟವಾಗಿತ್ತು. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು ಅದರ ಮೂಲ. ಹೆಂಗಸರು ಹೆಂಗಸರಿಗೆ ಹೇಳುವ ಕಥೆಗಳಲ್ಲಿ ಮದುವೆ ಕಥೆಯ ಕೊನೆಯಲ್ಲ, ಆರಂಭ. ಮೂಕಳಾಗಿದ್ದವಳು ಕೊನೆಗೆ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ ಎಂಬುದು ರಾಮಾನುಜನ್ ಅವರ ಮುಖ್ಯ ನಿಲುವು. ಗರ್ವಭಂಗದ ಕಥೆಯಲ್ಲಿ ಮಾತಿನಿಂದ ಮೌನಕ್ಕೆ ಪಯಣ. ಹೆಂಗಸರ ಕಥೆಯಲ್ಲಿ ಮೌನದಿಂದ ಮಾತಿಗೆ ಪಯಣ. ಒಂದೇ ಕಾಲದ ಕನ್ನಡವು ಎರಡನ್ನೂ ರಂಗದಿಂದ ತೆರೆಗೆ ಒಯ್ದಿತು. 'ನಾಗಮಂಡಲ' 1997ರಲ್ಲಿ ಟಿ.ಎಸ್. ನಾಗಾಭರಣ ಅವರ ನಿರ್ದೇಶನದಲ್ಲಿ ಚಿತ್ರವಾಯಿತು.

ಜನಪ್ರಿಯ ಚಿತ್ರದ ಒಳಗೂ ಪ್ರತಿರೋಧವಿತ್ತು. 'ನಂಜುಂಡಿ ಕಲ್ಯಾಣ'ದಲ್ಲಿ ಪ್ರೇಕ್ಷಕರ ನೆನಪಿನಲ್ಲಿ ಉಳಿದುದು ತಲೆಬಾಗಿದ ನಾಯಕಿಯಲ್ಲ. ಮಂಜುಳಾ ಗುರುರಾಜ್ ಅವರ ಕಂಠದಲ್ಲಿ ಅಮಲಿನ ಹಾಡನ್ನು ಹಾಡಿ ಕುಣಿಯುವ, ಯಾರಿಗೂ ಸೊಪ್ಪು ಹಾಕದ ನಾಯಕಿ. ಮಾಲಾಶ್ರೀ ಅವರ ಮುಂದಿನ ಹಾದಿ ಇದಕ್ಕೆ ಸಾಕ್ಷಿ. ಕೆಲವೇ ವರ್ಷಗಳಲ್ಲಿ ಅವರು 'ಎಸ್.ಪಿ. ಭಾರ್ಗವಿ'ಯಂಥ ಚಿತ್ರಗಳಲ್ಲಿ ಸಾಹಸ ನಾಯಕಿಯಾಗಿ, ನಾಯಕನ ಹಂಗಿಲ್ಲದೆ ಚಿತ್ರಮಂದಿರಗಳನ್ನು ತುಂಬಿಸಿದರು. ಕಥೆ ಹೆಣ್ಣಿನ ಬಿರುಸನ್ನು ಸೋಲಿಸಿತು, ಪ್ರೇಕ್ಷಕ ಅದೇ ಬಿರುಸನ್ನು ಗೆಲ್ಲಿಸಿದ. ಜನಪದ ಕಥೆಗಳಲ್ಲಿಯೂ ಹೀಗೆಯೇ. ಕಥೆಯ ನೀತಿ ಒಂದಾದರೆ, ಕೇಳುಗ ಮನೆಗೆ ಒಯ್ಯುವ ಚಿತ್ರ ಮತ್ತೊಂದು. ಪೂರ್ಣಚಂದ್ರ ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಕೃತಿಯಲ್ಲಿ ಬೈಗುಳದ ಪದವೇ ಬಿರುದಾಯಿತು. ಊರಿನ ಗಂಡಸರ ಹುಂಬತನಕ್ಕೆ ಮದ್ದು ಅರೆಯುವವರು ಅಲ್ಲಿ ಗಯ್ಯಾಳಿಗಳೇ. 2016ರಲ್ಲಿ ಸುಮನಾ ಕಿತ್ತೂರು ಅದನ್ನು ತೆರೆಗೆ ತಂದಾಗ ಈ ಕಥಾಪರಂಪರೆ ಒಂದು ಸುತ್ತು ಪೂರೈಸಿತೆನ್ನಬಹುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, 'ನಂಜುಂಡಿ ಕಲ್ಯಾಣ'ವನ್ನು ಶೇಕ್ಸ್‌ಪಿಯರನ ಅನುಕರಣೆಯೆಂದಷ್ಟೇ ಗುರುತಿಸುವುದು ಅಪೂರ್ಣ. ಉದ್ದಾಲಕ-ಚಂಡಿಯರ ಕಥೆಯಿಂದ ಕಂಪನಿ ನಾಟಕದ ಸವಾಲಿನವರೆಗೆ ಕನ್ನಡದ ಸ್ವಂತ ಪರಂಪರೆ ಅದನ್ನು ಬರಮಾಡಿಕೊಂಡಿತು. ಎರಡನೆಯದಾಗಿ, ಈ ಪರಂಪರೆ ಸಂಪತ್ತಿನ ವಿರುದ್ಧದ ಜನರ ನ್ಯಾಯವಾದ ಸಿಟ್ಟನ್ನು ಹೆಣ್ಣಿನ ಮಾತಿನ ವಿರುದ್ಧ ತಿರುಗಿಸಿತು; ಅದರ ನಗೆಯ ಶಕ್ತಿ ಮತ್ತು ದೋಷ ಎರಡೂ ಇಲ್ಲಿವೆ. ಮೂರನೆಯದಾಗಿ, ಚಿತ್ರದ ಪಾಠ ಸ್ಥಿರವಾಗಿ ಉಳಿದಿದ್ದರೂ ನಾಟಕದ ಪಾಠ ಪ್ರತಿ ಪ್ರಯೋಗದಲ್ಲಿಯೂ ಬದಲಾಗುತ್ತ ಬಂದಿರುವಂಥದು. ಊರೂರಿನ ಮೇಷ್ಟ್ರುಗಳ ಕೈಬರಹದ ಪ್ರತಿಗಳು, ನಟಿಯರು ರಂಗದ ಮೇಲೆ ಆಶುವಾಗಿ ಸೇರಿಸಿದ ಮಾತುಗಳು, ಸಭೆಯಲ್ಲಿ ಕುಳಿತ ಹೆಂಗಸರ ಪ್ರತಿಕ್ರಿಯೆಗಳು ಇನ್ನೂ ಸಂಗ್ರಹಗೊಳ್ಳಬೇಕಾಗಿವೆ. ಗಯ್ಯಾಳಿ ತನ್ನ ಸೋಲಿನ ಮಾತನ್ನು ಹೇಳುವಾಗ ಆ ನಟಿಯ ದನಿ ಎಲ್ಲಿ ಏರಿತು, ಎಲ್ಲಿ ನಿಂತಿತು ಎಂಬುದು ಅಚ್ಚಾದ ಪುಟಗಳಲ್ಲಿ ದೊರೆಯುವುದಿಲ್ಲ. ಅದನ್ನು ಬಲ್ಲ ಕಲಾವಿದೆಯರು ಇರುವಾಗಲೇ ಅವರಿಂದ ಕೇಳಿ ದಾಖಲಿಸುವುದು ಜಾ​ನಪದ ಅಧ್ಯಯನದ ಮುಂದಿರುವ ತುರ್ತು ಕೆಲಸ.